ಹಿತ್ತಿಲ ಶೆಡ್ಡಿನ ಶಾಸ್ತ್ರಾರ್ಥ ವಿಚಾರ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಇಂಗ್ಲೆಂಡಿನಲ್ಲಿ ಅಂಗೈಯಗಲ ಹಿತ್ತಿಲುಳ್ಳವನು, ಹುಲ್ಲು ಕತ್ತರಿಸುವ ಯಂತ್ರವನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಹೆಂಡತಿಯಿಂದ ಬೈಸಿಕೊಂಡ ಗೃಹಸ್ಥ. ವಿಷಯ: ಮರದ ಶೆಡ್ಡು. ಪ್ರಯೋಜನ: ಸಾಮಾನು ಇಡುವುದೆಂದು ಲೋಕಾಭಿಪ್ರಾಯ. ಇದನ್ನು ಮುಂದೆ ಖಂಡಿಸಲಾಗುವುದು.

ಎಲ್ಲೆಲ್ಲಿ ಸಾಮಾನೋ ಅಲ್ಲಲ್ಲಿ ಶೆಡ್ಡು ಎಂದು ಪೂರ್ವಪಕ್ಷ. ಈ ವ್ಯಾಪ್ತಿ ನಿಲ್ಲದು. ಲೋಕಾನುಭವ ತಿರುಗುಮುರುಗಾಗಿದೆ: ಮೊದಲು ಶೆಡ್ಡು, ಆಮೇಲೆ ಅದನ್ನು ತುಂಬಲೆಂದೇ ಸಾಮಾನು. ಒಣಗಿದ ಬಣ್ಣದ ಡಬ್ಬ, ಮಗ ಕಾಲೇಜು ಸೇರಿದ ಮೇಲೂ ಉಳಿದ ಮೂರು ಗಾಲಿಯ ಸೈಕಲ್ಲು, ಊರಿಂದ ಹೊತ್ತು ತಂದು ಕೆಟ್ಟುಹೋದ ಗ್ರೈಂಡರು, ಇವೆಲ್ಲ ಸ್ವಭಾವತಃ ಕಸ. ಶೆಡ್ಡಿನ ಸಂಸರ್ಗ ಆದೊಡನೆ ‘ಮುಂದೆ ಬೇಕಾದೀತು’ ಎಂಬ ಪದವಿಗೆ ಏರುತ್ತವೆ.

ಇನ್ನು ಶಬ್ದಪ್ರಮಾಣ, ಅಂದರೆ ಇಂಗ್ಲೆಂಡಿನ ಕಾನೂನು. ಬೇಲಿಯಿಂದ 2 ಮೀಟರಿನೊಳಗೆ ನಿಲ್ಲುವ ಶೆಡ್ಡು 2.5 ಮೀಟರ್ ಎತ್ತರ ಮೀರದಿದ್ದರೆ ಅಲ್ಲಿ ಸಾಮಾನ್ಯವಾಗಿ ಅನುಮತಿ ಬೇಡ. ಮನೆಯ ಮುಂಭಾಗದಲ್ಲಿ ಮಾತ್ರ ಇರಕೂಡದು. ನೆಲದಳತೆ 15 ಚದರ ಮೀಟರಿನೊಳಗಿದ್ದರೆ ಕಟ್ಟಡ ನಿಯಮಾವಳಿಯ ಕಾಟವೂ ಸಾಮಾನ್ಯವಾಗಿ ಇಲ್ಲ, ಒಳಗೆ ಮಲಗುವ ಏರ್ಪಾಡು ಇಲ್ಲದಿದ್ದರೆ. ಈ ಕೊನೆಯ ಷರತ್ತು ಯಾವ ಸಂಸಾರಸ್ಥನ ಅನುಭವದಿಂದ ಬಂದು ಸೇರಿತೋ, ಭಾಷ್ಯಕಾರರು ಮೌನ.

ಕೊಳ್ಳಹೊರಟವನಿಗೆ ಎದುರಾಗುವುದು ಮತಭೇದ. ಓವರ್‌ಲ್ಯಾಪ್ ಶೆಡ್ಡಿನಲ್ಲಿ ಹಲಗೆಯ ಮೇಲೆ ಹಲಗೆ ಒರಗಿದರೂ ಭೇದ ಅಳಿಯದು; ಒಣಗಿ ಬಾಗಿದರೆ ಸಂದಿನಲ್ಲಿ ಬೆಳಕೂ ಇಣುಕೀತು. ಟಂಗ್ ಅಂಡ್ ಗ್ರೂವ್‌ನಲ್ಲಿ ಒಂದರ ನಾಲಿಗೆ ಇನ್ನೊಂದರ ಕಂಡಿಯಲ್ಲಿ ಲೀನ. ಅದ್ವೈತಕ್ಕೆ ಬೆಲೆ ಜಾಸ್ತಿ. ತಳ ಮಟ್ಟವಾಗಿಲ್ಲದಿದ್ದರೆ ಮಾತ್ರ ಯಾವ ಮತದ ಬಾಗಿಲೂ ಮುಚ್ಚದು.

ಸಿದ್ಧಾಂತಕ್ಕೆ ದೃಷ್ಟಾಂತ ಬರ್ನಾರ್ಡ್ ಷಾ. ಹರ್ಟ್‌ಫರ್ಡ್‌ಷೈರಿನ ಏಯಟ್ ಸೇಂಟ್ ಲಾರೆನ್ಸ್ ಎಂಬ ಹಳ್ಳಿಯಲ್ಲಿ, ಅವರು ಕೂತು ಬರೆಯುತ್ತಿದ್ದ ತೋಟದ ಗುಡಿಸಲನ್ನು ಬಿಸಿಲು ಹೋದತ್ತ ತಿರುಗಿಸಬಹುದಿತ್ತು. ಅದರ ಹೆಸರು ‘ಲಂಡನ್’. ಬೇಡದ ಅತಿಥಿ ಬಂದರೆ ‘ಅವರು ಲಂಡನ್ನಿನಲ್ಲಿದ್ದಾರೆ’ ಎನ್ನಬಹುದು, ಸುಳ್ಳಿನ ದೋಷ ತಟ್ಟದು. ಇಷ್ಟಕ್ಕೇ ಧರ್ಮರಾಯನ ಪಕ್ಷದವರು ಒಂದು ಆನೆಯನ್ನೇ ಕೊಲ್ಲಬೇಕಾಗಿತ್ತು.

ಆದಕಾರಣ ಶೆಡ್ಡಿನಲ್ಲಿ ಇಡತಕ್ಕ ಮುಖ್ಯ ವಸ್ತು ಯಜಮಾನನೇ, ಉಳಿದದ್ದೆಲ್ಲ ಆನುಷಂಗಿಕ. ಅಳತೆ ಹಿಡಿಯುವಾಗ ಯಂತ್ರದ ಪಕ್ಕ ಒಂದು ಕುರ್ಚಿಯ ಜಾಗ ಸೇರಿಸಿಕೊಳ್ಳತಕ್ಕದ್ದು. ಅಂಗಡಿಯವನು ‘ಒಳಗೆ ಏನಿಡುತ್ತೀರಿ?’ ಎಂದಾಗ ಯಂತ್ರವನ್ನಷ್ಟೇ ಹೆಸರಿಸುವುದು ಶಿಷ್ಟಾಚಾರ. ಹೆಂಡತಿ ಪಕ್ಕದಲ್ಲೇ ನಿಂತಿರುತ್ತಾಳೆ.