ಸೇಫ್ಟಿ ಸಾಹೇಬರು

ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಜೊತೆಗೆ ಸಿಗುವ ಇನ್ನೊಂದು ಸರಕು ಸೇಫ್ಟಿ ಸಾಹೇಬರು. ಗಣಿ ಕಂಪನಿಯ ವಿಸಿಟಿಂಗ್ ಕಾರ್ಡಿನಲ್ಲಿ ‘ಪರಿಸರ ಮತ್ತು ಸುರಕ್ಷತೆ’ ಎಂದಿರುತ್ತದೆ. ಟಿಪ್ಪರ್ ಡ್ರೈವರುಗಳು ಇಟ್ಟ ಹೆಸರನ್ನು ಅಚ್ಚು ಹಾಕುವಂತಿಲ್ಲ. ಬೆಳಿಗ್ಗೆ ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಟ್ಟು ಜೀಪು ಹತ್ತುತ್ತಾರೆ, ಸಂಜೆ ಕಾವಿ ತೊಟ್ಟು ಇಳಿಯುತ್ತಾರೆ. ಅಂಗಿ ಒಂದೇ; ಕೆಂಧೂಳು ಕೊಟ್ಟ ದೀಕ್ಷೆ ಅದು. ಭಾನುವಾರ ಸಂಸಾರದೊಡನೆ ಹಂಪಿಗೆ ಹೋದರೂ ವಿರೂಪಾಕ್ಷನ ಗೋಪುರಕ್ಕಿಂತ ಮೊದಲು ಇವರ ಕಣ್ಣಿಗೆ ಬೀಳುವುದು ಹೇಮಕೂಟದ ಬಂಡೆಯಂಚಿನಲ್ಲಿ ಬೆನ್ನು ತಿರುಗಿಸಿ ನಿಂತ ಸೆಲ್ಫಿ ಹುಡುಗ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟ ಬೀಗರು ಊಟಕ್ಕೆ ಕರೆದರೆ, ಎಲೆ ಹಾಕುವುದರೊಳಗೆ ಗಿರಣಿಯ ಬೆಲ್ಟಿಗೆ ಗಾರ್ಡ್ ಇಲ್ಲವೆಂದು ಹೇಳಿ ಮುಗಿಸಿರುತ್ತಾರೆ. ಮುಂದಿನ ಹಬ್ಬಕ್ಕೆ ಕರೆ ಬರುವುದಿಲ್ಲ.

ಇವರನ್ನು ನೋಡಿ ನಗುವುದು ಸುಲಭ. ಆದರೆ ಇವರ ಕಸುಬಿನ ಪೇಚು ಏನೆಂದು ಯೋಚಿಸಿದವರು ಕಡಿಮೆ. ಪ್ರೊಡಕ್ಷನ್ ಮ್ಯಾನೇಜರು ಟನ್ನುಗಳ ಲೆಕ್ಕ ಒಪ್ಪಿಸಿ ಶಭಾಷ್ ಅನ್ನಿಸಿಕೊಳ್ಳುತ್ತಾರೆ. ಇವರು ಒಪ್ಪಿಸಬೇಕಾದ ಲೆಕ್ಕ ‘ಏನೂ ಆಗಲಿಲ್ಲ’ ಎಂಬುದು. ಏನೂ ಆಗದ್ದಕ್ಕೆ ಹಾರ ಹಾಕುವ ಪದ್ಧತಿ ನಮ್ಮಲ್ಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡೆಲ್ಲ ಹೊಸಪೇಟೆಯತ್ತ ತಿರುಗಿತು. ಉಳಿದ 32 ಗೇಟುಗಳು ಅದೇ ರಾತ್ರಿ ನೆಟ್ಟಗೆ ನಿಂತಿದ್ದು ಯಾವ ಟಿವಿಯಲ್ಲೂ ಬರಲಿಲ್ಲ. ಸೇಫ್ಟಿ ಸಾಹೇಬರ ಬದುಕು ಆ 32 ಗೇಟುಗಳದ್ದು. ಆಗದೇ ಹೋದದ್ದಕ್ಕೆ ಸಾಕ್ಷಿ ಬೇಕಲ್ಲ, ಅದಕ್ಕೇ ರಿಜಿಸ್ಟರುಗಳು. ಮಾರ್ಚ್ 4ಕ್ಕೆ ಸುರಕ್ಷತಾ ದಿನದ ಪ್ರತಿಜ್ಞೆ, ಜೂನ್ 5ಕ್ಕೆ ಪರಿಸರ ದಿನದ ಸಸಿ, ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪರಿಸರ ವಿವರಣಾ ಪತ್ರ: ಅವರ ಪಂಚಾಂಗದಲ್ಲಿ ಯುಗಾದಿಗೂ ಇಷ್ಟು ಮರ್ಯಾದೆ ಇಲ್ಲ.

ಬರೀ ಕಾಗದದ ಹುಲಿ, ಗುಡ್ಡಕ್ಕೆ ಇದರಿಂದೇನು ಬಂತು ಎನ್ನುವವರಿದ್ದಾರೆ. ಮಾತು ಅರ್ಧ ನಿಜ. ತಪಾಸಣೆಯ ದಿನ ನೀರಿನ ಟ್ಯಾಂಕರು ಅದಿರು ಸಾಗಿಸುವ ಹಾಲ್ ರೋಡಿನ ಮೇಲೆ ಮದುವೆ ಮನೆಯ ಪನ್ನೀರಿನಂತೆ ನೀರು ಚಿಮುಕಿಸುತ್ತದೆ, ಮರುದಿನ ಅದೇ ಟ್ಯಾಂಕರಿಗೆ ಪಂಕ್ಚರ್. ಆದರೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದು ಕಾಗದ ಹೆಚ್ಚಾಯಿತೆಂದಲ್ಲ. ಕಾಗದದ ಮೇಲಿನ ಗಡಿಗೂ ಗುಡ್ಡದ ಮೇಲಿನ ಗುಂಡಿಗೂ ತಾಳೆಯಾಗದಂತೆ ಮಿತಿಮೀರಿ ಅಗೆದು ಪರಿಸರ ಕೆಡಿಸಿದ್ದಕ್ಕೆ. ಸರ್ವೆ ಮಾಡಿಸಿ, ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟು ಸಿ ಗುಂಪಿನ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ಗುಡ್ಡ ದುರಸ್ತಿಯ ಯೋಜನೆ ಪಾಲಿಸಬೇಕಾಯಿತು: ಗಣಿತ್ಯಾಜ್ಯದ ಡಂಪಿನ ಬುಡಕ್ಕೆ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ, ಮಳೆನೀರಿನ ಕೆಂಪು ಮಣ್ಣು ತಂಗಲು ಹೊಂಡ. ಅವನ್ನು ಎಣಿಸಿ ಬರೆದಿಡುವ ಕೈ ಸೇಫ್ಟಿ ಸಾಹೇಬರದೇ.

ನಮ್ಮ ಅಪ್ಪಂದಿರು ಇದೇ ಧೂಳು ಕುಡಿದು ಗಟ್ಟಿಯಾಗಿರಲಿಲ್ಲವೇ ಎಂಬುದು ಹಳಬರ ವಾದ. ಗಟ್ಟಿಯಾಗಿದ್ದವರಷ್ಟೇ ಈಗ ಕಟ್ಟೆಯ ಮೇಲೆ ಕೂತು ವಾದಿಸುತ್ತಿದ್ದಾರೆ ಎಂಬುದನ್ನು ಮರೆಯಬಾರದು. ಈ ಧೂಳಿನಲ್ಲಿರುವ ಸಿಲಿಕಾ ಕಚ್ಚುವುದು ಹಾವಿನಂತಲ್ಲ, ಗೆದ್ದಲಿನಂತೆ. ಶ್ವಾಸಕೋಶ ಕೈಕೊಡಲು ವರ್ಷಗಳೇ ಬೇಕು. ಗಣಿ ಕಾರ್ಮಿಕರಿಗೆ ಐದು ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಲೇಬೇಕೆಂಬ ನಿಯಮ ಬಂದದ್ದು ಇಂಥ ಕಾಯಿಲೆಗಳಿಂದಾಗಿಯೇ.

ನನ್ನ ತಕರಾರು ಬೇರೆ. 2025ರವರೆಗೆ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆ ಹೊಣೆ ಹೊರಿಸಿದ್ದು ಮಾಲೀಕ, ಏಜೆಂಟ್, ಮ್ಯಾನೇಜರ್ ಹೆಗಲಿಗೆ. ಸೇಫ್ಟಿ ಸಾಹೇಬರು ಸಲಹೆ ಕೊಡುವವರು. ಟಿಪ್ಪರ್ ನಿಲ್ಲಿಸುವ ಅಧಿಕಾರ ಒಬ್ಬರದು, ಉರುಳಿದಾಗ ಬೈಸಿಕೊಳ್ಳುವ ಕೆಲಸ ಇನ್ನೊಬ್ಬರದು. ಬಳ್ಳಾರಿ ಜಿಲ್ಲೆಯಲ್ಲಿ ವರ್ಷಕ್ಕೆ ತೆಗೆಯಬಹುದಾದ ಅದಿರಿನ ಮಿತಿ 2022ರಲ್ಲಿ 3.5 ಕೋಟಿ ಟನ್ನಿಗೆ ಏರಿತು. ಸಾಹೇಬರ ಮಾತಿನ ತೂಕ ಏರಿದ್ದನ್ನು ಯಾವ ವೇಬ್ರಿಡ್ಜೂ ದಾಖಲಿಸಿಲ್ಲ. ಸಂಡೂರು ರಸ್ತೆಯಲ್ಲಿ ಹೋಗುವವರೇ, ನೆಲ ಒದ್ದೆಯಾಗಿದ್ದರೆ ಇವತ್ತು ತಪಾಸಣೆ ಇರಬೇಕೆಂದು ನಕ್ಕು ಮುಂದೆ ಹೋಗಬೇಡಿ. ಮರುದಿನವೂ ಅದೇ ದಾರಿಯಲ್ಲಿ ಬಂದು ನೋಡಿ.