ರವಿಕೆಕಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಸಂಗತಿ ಅರಿಕೆ ಮಾಡಿಕೊಳ್ಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಬಣ್ಣದ ಮಟ್ಟಿಗೆ ಮನುಷ್ಯನ ಕಣ್ಣನ್ನು ಎಷ್ಟು ನಂಬಬಹುದೆಂಬುದೇ ಈ ಗ್ರಂಥದ ವಿಷಯ. ಪ್ರಯೋಜನ, ಗೃಹಶಾಂತಿ. ಸಂಬಂಧ, ನನ್ನ ನಾದಿನಿಯ ಮದುವೆ. ಅಧಿಕಾರಿ, ಮ್ಯಾಚಿಂಗ್ ಸೆಂಟರಿನ ಸ್ಟೂಲಿನ ಮೇಲೆ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಕೂತೆದ್ದು ಬಂದ ಯಾರಾದರೂ ಸರಿ.

ಇಂಥ ಗ್ರಂಥ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕೂತು ಹೂಗಳ ಬಣ್ಣವನ್ನೂ ಕಣ್ಣಿನ ವ್ಯಾಪಾರವನ್ನೂ ವರ್ಷಗಟ್ಟಲೆ ಪರಿಶೀಲಿಸಿ, 1968ರಲ್ಲಿ ದೃಷ್ಟಿಯ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಹೊರತಂದರು, ನಿಜ. ಆದರೆ ಗುಲಾಬಿಗೆ ರವಿಕೆ ಹೊಲಿಸುವ ಪ್ರಮೇಯ ಬರುವುದಿಲ್ಲ. ಆ ಕೊರತೆಯನ್ನು ತುಂಬುವುದೇ ಇಲ್ಲಿನ ಉದ್ದೇಶ.

ಪ್ರಕರಣ ಹೀಗಿದೆ. ಸೀರೆ ರೇಷ್ಮೆಯದು, ಬಣ್ಣ ರಾಮಾ ಗ್ರೀನ್. (ಅದು ಹಸಿರೋ ನೀಲಿಯೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಯಾವ ರಾಮನದೆಂಬುದೂ ಅಷ್ಟೆ.) ನೆಲಮಾಳಿಗೆಯ ಅಂಗಡಿಯಲ್ಲಿ ಹುಡುಗ ಬಾಟಲ್ ಗ್ರೀನ್, ಗಿಳಿಹಸಿರು, ಪಾಚಿಹಸಿರು, ನವಿಲುಬಣ್ಣ ಎಂದು ರೂಬಿಯಾ ತಾನುಗಳನ್ನು ಒಂದೊಂದಾಗಿ ಬಿಚ್ಚಿ, ಕೊನೆಗೊಂದನ್ನು ಸೀರೆಯ ಅಂಚಿಗೆ ಒತ್ತಿ ಹಿಡಿದ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು. ನನ್ನವಳು ಹೂಂ ಅಂದಳು. ನಾನು ಹೂಂ ಅಂದೆ. ದರ್ಜಿಯ ಅಂಗಡಿಯಲ್ಲೂ ಟ್ಯೂಬ್‌ಲೈಟೇ. ಅವನೂ ಹೂಂ ಅಂದ.

ಮುಹೂರ್ತ ಬೆಳಗಿನ ಒಂಬತ್ತಕ್ಕೆ. ಛತ್ರದ ಅಂಗಳದ ಬಿಸಿಲಿನಲ್ಲಿ ಸೀರೆ ಹಸಿರಾಗಿಯೇ ಇತ್ತು, ರವಿಕೆ ಮಾತ್ರ ನೀಲಿಗೆ ತಿರುಗಿತ್ತು. "ಏನೇ, ಬೇರೆ ಸೀರೆ ರವಿಕೆ ಹಾಕ್ಕೊಂಡು ಬಂದ್ಯಾ?" ಎಂದು ಅವಳ ಅತ್ತಿಗೆ ಕೇಳಿದರು. ನನ್ನವಳು ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ, "ನೀವೂ ನೋಡಿದ್ರಲ್ಲ ರೀ!" ಅಂದಳು.

ಪೂರ್ವಪಕ್ಷ: ಗಂಡಸಿಗೆ ಬಣ್ಣ ತಿಳಿಯದು. ಈ ಪಕ್ಷಕ್ಕೆ ಆಧಾರವಿಲ್ಲದಿಲ್ಲ. ಕೆಂಪು ಹಸಿರಿನ ಭೇದ ತಿಳಿಸುವ ಜೀನುಗಳು ಎಕ್ಸ್ ವರ್ಣತಂತುವಿನ ಮೇಲಿವೆ. ಗಂಡಸಿಗೆ ಅದಿರುವುದು ಒಂದೇ. ಅದು ಕೆಟ್ಟರೆ ಬದಲಿಯಿಲ್ಲ. ಪರಮಾಣುವಾದದ ಜಾನ್ ಡಾಲ್ಟನ್ ಈ ದೋಷ ತನ್ನಲ್ಲೇ ಇದೆಯೆಂದು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ಒಪ್ಪಿಕೊಂಡ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು ತರ್ಕಿಸಿ, ಸತ್ತ ಮೇಲೆ ಕೊಯ್ದು ನೋಡಿರೆಂದು ಹೇಳಿಟ್ಟ. 1844ರಲ್ಲಿ ಕೊಯ್ದರು, ದ್ರವ ತಿಳಿಯಾಗಿಯೇ ಇತ್ತು. ಕಾಪಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆ 1995ರಲ್ಲಿ ನಡೆದು, ಹಸಿರಿನ ಕಡೆಯ ವರ್ಣದ್ರವ್ಯವೇ ಅವನಿಗಿರಲಿಲ್ಲವೆಂದು ರುಜುವಾತಾಯಿತು. ಒಬ್ಬ ಗಂಡಸಿಗೆ ಬಣ್ಣ ಯಾಕೆ ತಿಳಿಯಲಿಲ್ಲವೆಂದು ತೀರ್ಮಾನಿಸಲು ಅಲ್ಲಿ ಇನ್ನೂರು ವರ್ಷ ಹಿಡಿಯಿತು. ನಮ್ಮ ಕಾರಿನಲ್ಲಿ ಛತ್ರದ ಗೇಟು ದಾಟುವಷ್ಟರೊಳಗೆ ಮುಗಿದಿತ್ತು.

ನಾನಾದರೋ ಕಣ್ಣಿನ ಡಾಕ್ಟರ ಬಳಿ ಹೋಗಿ, ಇಶಿಹಾರ ಎಂಬ ಜಪಾನಿ ವೈದ್ಯರು 1917ರಲ್ಲಿ ಹೊರತಂದ ಚುಕ್ಕೆಗಳ ಪುಸ್ತಕದಲ್ಲಿ ಎಲ್ಲ ಅಂಕಿಗಳನ್ನೂ ಸರಿಯಾಗಿ ಓದಿ ಬಂದೆ. ಬಂದ ಮೇಲೆ ಅರಿವಾಯಿತು, ಇದ್ದ ಒಂದೇ ಒಂದು ನೆಪವನ್ನೂ ನಾನೇ ಕಳೆದುಕೊಂಡೆನೆಂದು.

ಇನ್ನು ಸಿದ್ಧಾಂತ. ಕಣ್ಣಿನಲ್ಲಿ ಬಣ್ಣದ ಲೆಕ್ಕ ಬರೆಯುವ ಶಂಕುಕೋಶಗಳು ಮೂರು ಬಗೆ. ಅವುಗಳ ಒಲವು ಸುಮಾರು 420, 530, 560 ನ್ಯಾನೋಮೀಟರ್ ಅಲೆಗಳ ಕಡೆಗೆ. ಇವರನ್ನು ಮೂವರು ಶಾನುಭೋಗರೆಂದುಕೊಳ್ಳಿ. ಬಂದ ಒಟ್ಟು ಮೊತ್ತ ಬರೆದುಕೊಳ್ಳುತ್ತಾರೆ; ಯಾವ ಹೊಲದಿಂದ ಎಷ್ಟು ಬಂತೆಂಬುದನ್ನು ಬರೆಯುವುದಿಲ್ಲ. ರೇಷ್ಮೆಗೆ ಹಾಕಿದ ಬಣ್ಣ ಒಂದು, ರೂಬಿಯಾಕ್ಕೆ ಹಾಕಿದ್ದು ಇನ್ನೊಂದು. ಆದರೂ ಒಂದು ಬೆಳಕಿನಲ್ಲಿ ಮೂರು ಮೊತ್ತಗಳೂ ತಾಳೆಯಾದರೆ ಮಿದುಳು "ಒಂದೇ ಬಣ್ಣ" ಎಂದು ಮೊಹರು ಒತ್ತಿಬಿಡುತ್ತದೆ. ಟ್ಯೂಬ್‌ಲೈಟಿನ ಬೆಳಕು ಕೆಲವೇ ಅಲೆಗಳಲ್ಲಿ ಗುಡ್ಡೆ ಬಿದ್ದಿರುತ್ತದೆ. ಬಿಸಿಲಿನಲ್ಲಿ ಎಲ್ಲ ಅಲೆಗಳೂ ಒತ್ತೊತ್ತಾಗಿ ಇರುತ್ತವೆ. ಬೆಳಕು ಬದಲಾದೊಡನೆ ಮೊತ್ತ ಬದಲಾಗುತ್ತದೆ, ಮೊಹರು ಸುಳ್ಳಾಗುತ್ತದೆ. ವಿಜ್ಞಾನಿಗಳು ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಅತ್ತಿಗೆಯವರು ಇದನ್ನೇ "ಕಣ್ಣಿರಲಿಲ್ವಾ?" ಎನ್ನುತ್ತಾರೆ.

ಶಾನುಭೋಗರ ಸಂಖ್ಯೆ ಹೆಚ್ಚಿಸಿದರಾಗದೇ ಎಂಬ ಆಕ್ಷೇಪ ಬರಬಹುದು. ಸಮುದ್ರದ ಮ್ಯಾಂಟಿಸ್ ಸೀಗಡಿಗೆ ಬಣ್ಣ ಗ್ರಹಿಸುವ ಕೋಶಗಳು ಹನ್ನೆರಡು ಬಗೆ. 2014ರಲ್ಲಿ ಪರೀಕ್ಷಿಸಿ ನೋಡಿದರೆ, ಹತ್ತಿರ ಹತ್ತಿರದ ಬಣ್ಣ ಬೇರ್ಪಡಿಸುವುದರಲ್ಲಿ ಅದು ನಮಗಿಂತ ಎಷ್ಟೋ ದಡ್ಡ. ಸರ್ಕಾರಿ ಕಚೇರಿ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ನನ್ನ ಸೋದರತ್ತೆ ಯಾವ ಅಂಗಡಿಗೆ ಹೋದರೂ ಕಣವನ್ನು ಹೊಸಿಲಿಗೆ ತಂದು, ಬಿಸಿಲಿಗೆ ಹಿಡಿದು ನೋಡದೆ ಕಾಸು ಬಿಚ್ಚುತ್ತಿರಲಿಲ್ಲ. ಅಂಗಡಿಯವರು ಎಲ್ಲಿ ಎತ್ತಿಕೊಂಡು ಓಡುತ್ತಾರೋ ಎಂದು ಹಿಂದೆಯೇ ಬರುತ್ತಿದ್ದರು. ನಾವು ಹೋದ ನೆಲಮಾಳಿಗೆಗೆ ಹೊಸಿಲೇ ಇರಲಿಲ್ಲ, ಮೂವತ್ತು ಮೆಟ್ಟಿಲಿದ್ದವು. ಹೀಗಾಗಿ ನಾನು, ನನ್ನವಳು, ಅಂಗಡಿಯ ಹುಡುಗ, ದರ್ಜಿ, ನಾಲ್ವರೂ ನಿರ್ದೋಷಿಗಳೆಂದು ಈ ಗ್ರಂಥ ತೀರ್ಪು ಕೊಡುತ್ತದೆ. ತೀರ್ಪನ್ನು ಮನೆಯಲ್ಲಿ ಓದಿ ಹೇಳಿದೆ. ಮೇಲ್ಮನವಿ ದಾಖಲಾಗಿದೆ.

ರವಿಕೆ ಬೀರುವಿನಲ್ಲಿದೆ. ಛತ್ರಗಳೆಲ್ಲ ಎಲ್‌ಇಡಿ ಹಾಕಿಸಿಕೊಂಡು ಕೂತಿವೆ. ಹಳೆಯ ಟ್ಯೂಬ್‌ಲೈಟನ್ನೇ ಉಳಿಸಿಕೊಂಡಿರುವ ಛತ್ರ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ, ಅಲ್ಲಿ ಮದುವೆ ಇಟ್ಟುಕೊಂಡು ನಮ್ಮನ್ನು ಕರೆಯಬೇಕಾಗಿ ವಿನಂತಿ. ಆರತಕ್ಷತೆ ಮಾತ್ರ ರಾತ್ರಿಯೇ ಇರಲಿ.