ಮಾತು ನಮಗೆ ಬಿಡಿ
(ಕನ್ನಡದಲ್ಲಿ ಕಥೆಯಾಟ ಬರೆಯುವವರಿಗೆ ಬಹಿರಂಗ ಪತ್ರ)

ಜನಕಪುರಿ, ದೆಹಲಿ

ಗೆಳೆಯರೇ,

ಆಡುವವರು ಆರಿಸಿದಂತೆ ಸಾಗುವ ನಿಮ್ಮ ಕಥೆಯಾಟದ ನಾಯಕ ಬಾಯಿ ತೆರೆಯುವ ಮೊದಲು, ಆಡುತ್ತಿರುವವರನ್ನು ಒಂದು ಮಾತು ಕೇಳಿ. ನನ್ನ ಬೇಡಿಕೆ ಇಷ್ಟೇ.

1979ರಲ್ಲಿ ಬಂದ ಎಡ್ವರ್ಡ್ ಪ್ಯಾಕರ್ಡರ 'ದಿ ಕೇವ್ ಆಫ್ ಟೈಮ್' ಪುಸ್ತಕ ಓದುಗರನ್ನೇ ನಾಯಕರನ್ನಾಗಿಸಿ, ಯಾವ ಪುಟಕ್ಕೆ ಹೋಗುತ್ತೀರಿ ಎಂದು ಕೇಳಿತು. ಅಂದಿನಿಂದ ದಾರಿಯನ್ನು ಎಲ್ಲರೂ ಕೇಳುತ್ತಾರೆ, ಮಾತನ್ನು ಕೇಳುವವರು ಕಡಿಮೆ. 2015ರ ವಿಡಿಯೊ ಆಟ 'ಫಾಲ್‌ಔಟ್ 4'ರಲ್ಲಿ ಪರದೆಯ ಮೇಲೆ ಒಂದೆರಡು ಪದ ಕಾಣುತ್ತಿತ್ತು. ಒತ್ತಿದರೆ ನಾಯಕ ಆಡುತ್ತಿದ್ದ ಮಾತೇ ಬೇರೆ. ಬೇಸತ್ತ ಆಟಗಾರರು ಪೂರ್ತಿ ವಾಕ್ಯ ತೋರಿಸುವ ಮಾರ್ಪಾಟನ್ನು ತಾವೇ ಮಾಡಿಕೊಂಡರು. ತಾನು ಆಡದ ಮಾತಿಗೆ ಹೊಣೆ ಹೊರಲು ಯಾರಿಗೆ ತಾನೇ ಇಷ್ಟ?

ನಾವಾದರೋ ತಾಳಮದ್ದಳೆ ಕೇಳಿ ಬೆಳೆದ ಜನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಮಾತು ಕಟ್ಟುತ್ತಾರೆ. 'ವಾಲಿವಧೆ'ಯಲ್ಲಿ ವಾಲಿ ಸಾಯಲೇಬೇಕು, ಯಾವ ಅರ್ಥಧಾರಿಯೂ ಅವನನ್ನು ಬದುಕಿಸಲಾರರು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಏನೆಂದು ಕೇಳಬೇಕು, ಹಂಗಿಸಬೇಕೇ, ಧರ್ಮ ಎತ್ತಬೇಕೇ, ಕೊನೆಗೆ ಎಷ್ಟು ಬಾಗಬೇಕು ಎಂಬುದೆಲ್ಲ ಅವರಿಗೆ ಬಿಟ್ಟದ್ದು. ಎದುರಿನ ರಾಮನೂ ಆ ಮಾತಿಗೇ ಉತ್ತರ ಕೊಡಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಕೂತವರಿಗೆ ಕಥೆಯ ಕೊನೆ ಗೊತ್ತಿರಲಿಲ್ಲವೇ? ಆದ್ದರಿಂದ ಇಪ್ಪತ್ತು ಮುಕ್ತಾಯ ಬರೆದು ದಣಿಯಬೇಡಿ. ಎರಡೇ ಇರಲಿ. ಉಳಿದ ಶ್ರಮವೆಲ್ಲ ಸಂಭಾಷಣೆಗೆ ಹೋಗಲಿ. ನಾವು ಆಡಿದ್ದನ್ನು ಎದುರಿನ ಪಾತ್ರ ನೆನಪಿಟ್ಟುಕೊಳ್ಳಲಿ.

ಇದಕ್ಕೆ ಕನ್ನಡ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ. ಹಿಂದಿಯಲ್ಲಿ ನಾಯಕ 'ಜಾಊಂಗಾ' ಅಂದರೆ ಹುಡುಗ, 'ಜಾಊಂಗಿ' ಅಂದರೆ ಹುಡುಗಿ. ಇಂಥ ಸಾಲುಗಳನ್ನೆಲ್ಲ ಎರಡೆರಡು ಸಲ ಬರೆಯಬೇಕು. ಕನ್ನಡದಲ್ಲಿ 'ಹೋಗ್ತೀನಿ' ಅನ್ನುವವರು ಯಾರಾದರೂ ಆಗಬಹುದು. ಬದಲಿಗೆ ಕನ್ನಡ ನೀನು-ನೀವುಗಳಲ್ಲಿ ನಮ್ಮನ್ನು ಹಿಡಿಯುತ್ತದೆ. ಬಾಡಿಗೆ ಏರಿಸಲು ಬಂದ ಮನೆ ಮಾಲೀಕರಿಗೆ 'ನೀವು ಹೇಳಿದ್ದು ಸರಿಯಲ್ಲ' ಅನ್ನುವುದಕ್ಕೂ 'ನೀನ್ಯಾರು ಹೇಳೋಕೆ' ಅನ್ನುವುದಕ್ಕೂ ಒಂದು ಜಗಳದಷ್ಟು ಅಂತರವಿದೆ. 'ಒಪ್ಪು', 'ನಿರಾಕರಿಸು' ಎಂಬ ಎರಡು ಗುಂಡಿ ಇಟ್ಟರೆ ಆ ಅಂತರವೇ ಅಳಿಸಿಹೋಗುತ್ತದೆ. ಸುಮ್ಮನಿರುವುದನ್ನೂ ಒಂದು ಉತ್ತರವಾಗಿ ಕೊಡಿ. 2012ರ 'ದಿ ವಾಕಿಂಗ್ ಡೆಡ್' ಆಟ ಅದನ್ನು ಕೊಟ್ಟಿತ್ತು. ದೊಡ್ಡವರ ಮುಂದೆ ಬಾಯಿ ಬಿಗಿಹಿಡಿದು ನಿಲ್ಲುವುದು ನಮ್ಮ ಮನೆಗಳಲ್ಲಿ ದೊಡ್ಡ ಮಾತೇ.

ಇಲ್ಲಿ, ಜನಕಪುರಿಯಲ್ಲಿ ಕೂತು ನಾನೇಕೆ ಇಷ್ಟು ಹಟ ಹಿಡಿದಿದ್ದೇನೆ? ಇಲ್ಲಿನ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅಜ್ಜಿ ಫೋನಿನಲ್ಲಿ 'ಊಟ ಆಯ್ತಾ ಕಂದ' ಅಂದರೆ ಅವರು ತಡವರಿಸುತ್ತಾರೆ. ತನ್ನ ಸಿಟ್ಟಿಗೆ, ತನ್ನ ತುಂಟತನಕ್ಕೆ ಹೊಂದುವ ಕನ್ನಡ ವಾಕ್ಯವನ್ನು ಮಗು ತಾನೇ ಆರಿಸಿಕೊಳ್ಳುವ ಜಾಗ ನಿಮ್ಮ ಆಟವಾಗಬಲ್ಲದು. ಅಲ್ಲಿಯೂ ನಾಯಕನೇ ಮುಂದಾಗಿ ಎಲ್ಲ ಮಾತಾಡಿಬಿಟ್ಟರೆ ಮಗು ಮತ್ತೆ ಬರೀ ಕೇಳುತ್ತಾ ಉಳಿಯುತ್ತದೆ.

ಆಯ್ಕೆಯ ಸಾಲುಗಳನ್ನು ಪೂರ್ತಿ ಬರೆಯಿರಿ, ಆಡುಮಾತಿನಲ್ಲಿ ಬರೆಯಿರಿ. ಮೊದಲ ಕರಡು ಸಿದ್ಧವಾದಾಗ ಬೆಂಗಳೂರಿನ ಮಕ್ಕಳ ಜೊತೆಗೆ ಇಲ್ಲಿನವರ ಕೈಗೂ ಕೊಟ್ಟು ನೋಡಿ.

ಇಂತು,
ಜನಕಪುರಿಯ ಒಬ್ಬ ಕನ್ನಡಿಗ